ಹೋರಿ ಹಬ್ಬದ ಹಂಗಾಮು: ಶಿಕಾರಿಪುರ–ಸೊರಬ ಸೀಮೆ

ಹೋರಿ ಹಬ್ಬವು ಸಿಂಗರಿಸಿದ ಹೋರಿಗಳನ್ನು ಜನರ ನಡುವಿನ ಕಿರಿದಾದ ಹಾದಿಯಲ್ಲಿ ಒಂದೊಂದಾಗಿ ಓಡಿಸುವ, ಅವುಗಳ ಕೊರಳಿನ ಕೊಬ್ಬರಿ ಸರವನ್ನು ಹರಿಯಲು ಯುವಕರು ಮುನ್ನುಗ್ಗುವ ಗ್ರಾಮೀಣ ಸ್ಪರ್ಧೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಇದು ದೀಪಾವಳಿಯ ಬಲಿಪಾಡ್ಯಮಿಗೆ ಶುರುವಾಗಿ, ಸಂಕ್ರಾಂತಿಯನ್ನು ದಾಟಿ, ಬೇಸಿಗೆ ಕಾಲಿಡುವವರೆಗೆ ಊರಿಂದ ಊರಿಗೆ ಸಾಗುತ್ತದೆ. ಹೆಸರು ಹಬ್ಬವಾದರೂ ಅದರ ಈಗಿನ ನಡೆ ಒಂದು ಕ್ರೀಡಾ ಹಂಗಾಮಿನದು. ಹೆಸರುಳ್ಳ ಹೋರಿ, ಅದರ ಹಿಂದೆ ಒಂದು ತಂಡ, ತಂಡದ ಹಿಂದೆ ಅಭಿಮಾನಿಗಳು, ಊರೂರಿನ ಅಖಾಡ, ಬಹುಮಾನ, ಹಂಗಾಮು ಮುಗಿದ ಮೇಲೆ ಉಳಿಯುವ ಕೀರ್ತಿ ಎಲ್ಲವೂ ಇದರಲ್ಲಿವೆ.

ಹೆಸರು ಮತ್ತು ಪದಗಳು

ಬೀಜ ಒಡೆಯದ ಗಂಡುದನ ಹೋರಿ. ಬೀಜ ಒಡೆದು ನೊಗಕ್ಕೆ ಹೂಡುವುದು ಎತ್ತು. ಹಬ್ಬದ ಮಾತಿನಲ್ಲಿ ಮಾತ್ರ ಅಖಾಡದಲ್ಲಿ ಓಡುವ ಗಂಡುದನವೆಲ್ಲ ಹೋರಿಯೇ. ಈ ಸ್ಪರ್ಧೆಗೆ ಹೋರಿ ಬೆದರಿಸುವ ಹಬ್ಬ, ಹಟ್ಟಿ ಹಬ್ಬ, ಕೊಬ್ಬರಿ ಹೋರಿ ಸ್ಪರ್ಧೆ ಎಂಬ ಹೆಸರುಗಳೂ ಉಂಟು. ಪತ್ರಿಕೆಗಳು ಸಾಮಾನ್ಯವಾಗಿ ‘ಹೋರಿ ಬೆದರಿಸುವ ಸ್ಪರ್ಧೆ’ ಎಂದು ಬರೆಯುತ್ತವೆ, ಊರಿನವರು ಬರೀ ‘ಹಬ್ಬ’ ಎನ್ನುತ್ತಾರೆ. ಓಟದ ಹಾದಿ ಅಖಾಡ. ಹೋರಿಯನ್ನು ಸಾಕಿ ಹಬ್ಬಕ್ಕೆ ತರುವುದು ಹೋರಿ ಕಟ್ಟುವುದು, ಅಖಾಡಕ್ಕೆ ಇಳಿಸುವುದು ಹೋರಿ ಬಿಡುವುದು, ಎದುರು ನಿಂತು ಸರ ಕಿತ್ತುಕೊಳ್ಳುವುದು ಕೊಬ್ಬರಿ ಹರಿಯುವುದು. ಈ ಲೇಖನದಲ್ಲಿ ‘ಹಂಗಾಮು’ ಎಂದರೆ ಬಲಿಪಾಡ್ಯಮಿಯಿಂದ ಆ ವರ್ಷದ ಕೊನೆಯ ಅಖಾಡದವರೆಗಿನ ಅವಧಿ.

ಹರಡಿರುವ ಪ್ರದೇಶ

ಶಿಕಾರಿಪುರ ಅರೆಮಲೆನಾಡು. ಕುಮುದ್ವತಿ ನದಿ, ಅಂಜನಾಪುರ ಜಲಾಶಯ, ಸಾಲು ಸಾಲು ಕೆರೆಗಳು ಇದರ ಗುರುತು. ಭತ್ತದ ಜೊತೆಗೆ ಮೆಕ್ಕೆಜೋಳ ಇಲ್ಲಿನ ದೊಡ್ಡ ಬೆಳೆ. ಪಶ್ಚಿಮದ ಸೊರಬ ತಾಲ್ಲೂಕಿನಲ್ಲಿ ದಂಡಾವತಿ ಮತ್ತು ವರದಾ ನದಿಗಳಿವೆ. ಚಂದ್ರಗುತ್ತಿಯ ಕಡೆಗೆ ಹೋದಂತೆ ಕಾಡು ದಟ್ಟವಾಗುತ್ತದೆ, ಆನವಟ್ಟಿ, ಜಡೆಗಳ ಕಡೆಗೆ ಬಯಲು ತೆರೆದುಕೊಳ್ಳುತ್ತದೆ. ಹೋರಿ ಹಬ್ಬದ ಬಿರುಸು ಕಾಡಂಚಿಗಿಂತ ಈ ಬಯಲು ಸೆರಗಿನಲ್ಲೇ ಹೆಚ್ಚು.

ತಾಲ್ಲೂಕಿನ ಗಡಿಗಳು ಹಬ್ಬಕ್ಕೆ ಲೆಕ್ಕವಿಲ್ಲ. ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ಲ, ಬ್ಯಾಡಗಿ, ರಾಣೆಬೆನ್ನೂರು, ಉತ್ತರ ಕನ್ನಡದ ಬನವಾಸಿ, ಮುಂಡಗೋಡ ಕಡೆಯ ಹಳ್ಳಿಗಳು, ದಾವಣಗೆರೆ ಜಿಲ್ಲೆಯ ಹೊನ್ನಾಳಿ ಸೀಮೆ ಎಲ್ಲವೂ ಇದೇ ಬಳಗ. ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಸುತ್ತಿನ ಹೋರಿಯೊಂದು ಒಂದೇ ಹಂಗಾಮಿನಲ್ಲಿ ಮೂರು ಜಿಲ್ಲೆಗಳ ಅಖಾಡ ಕಾಣುವುದು ವಿಶೇಷವೇನಲ್ಲ. ಹಿಂದಿನ ಬನವಾಸಿ ಹನ್ನೆರಡು ಸಾವಿರ ಪ್ರಾಂತದ ನಡುಭಾಗವೂ ಹೋರಿ ಹಬ್ಬದ ನಕ್ಷೆಯೂ ಬಹುಮಟ್ಟಿಗೆ ಒಂದರ ಮೇಲೊಂದು ಕೂರುತ್ತವೆ. ಇದು ಗಮನಿಸಬೇಕಾದ ಸಂಗತಿಯೇ ಹೊರತು ಯಾವುದಕ್ಕೂ ಪುರಾವೆಯಲ್ಲ.

ಮೂಲ

ಹಬ್ಬದ ಬೇರು ದೀಪಾವಳಿಯ ದನಗಳ ಪೂಜೆಯಲ್ಲಿದೆ. ಕಾರ್ತಿಕ ಶುದ್ಧ ಪಾಡ್ಯದಂದು ದನಗಳ ಮೈ ತೊಳೆದು, ಕೆಮ್ಮಣ್ಣು ಮತ್ತು ಸುಣ್ಣದಲ್ಲಿ ಮೈಮೇಲೆ ಗುಂಡು ಮುದ್ರೆ ಒತ್ತಿ, ಕೋಡಿಗೆ ಬಣ್ಣ ಬಳಿದು, ಚೆಂಡು ಹೂವು, ಅಡಿಕೆ, ಹಿಂಗಾರದ ಸರ ಕಟ್ಟಿ ಪೂಜಿಸುವುದು ಮಲೆನಾಡು, ಅರೆಮಲೆನಾಡುಗಳಲ್ಲೆಲ್ಲ ಇರುವ ಪದ್ಧತಿ. ಪೂಜೆಯ ನಂತರ ಅವನ್ನು ಹಲಗೆ ಬಡಿದು, ಕೂಗಿ ಬೆದರಿಸಿ ಊರ ಬೀದಿಯಲ್ಲಿ ಓಡಿಸುತ್ತಿದ್ದರು. ಕೊರಳಲ್ಲಿ ಕಟ್ಟಿದ ಕೊಬ್ಬರಿ, ಹಣ್ಣು, ರೊಟ್ಟಿಗಳನ್ನು ಹುಡುಗರು ಕಿತ್ತುಕೊಳ್ಳುತ್ತಿದ್ದರು. ಒಂದೇ ದಿನದ ಈ ಆಟ ಬೆಳೆದು ಹಲವು ತಿಂಗಳ ಸ್ಪರ್ಧೆಯಾಗಿದೆ.

ಇದನ್ನು ಇನ್ನೂ ಹಿಂದಕ್ಕೆ, ತುರುಗಾಳಗಗಳ ಕಾಲಕ್ಕೆ ಒಯ್ಯುವವರಿದ್ದಾರೆ. ದನಗಳ ರಕ್ಷಣೆಯಲ್ಲಿ ಮಡಿದವರ ವೀರಗಲ್ಲುಗಳು ಈ ಎರಡೂ ತಾಲ್ಲೂಕುಗಳಲ್ಲಿ ಹೇರಳವಾಗಿವೆ ಎಂಬುದು ನಿಜ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟ (1902) ಶಿಕಾರಿಪುರದ ಶಾಸನಗಳನ್ನೂ 8ನೆಯ ಸಂಪುಟ (1904) ಸೊರಬದವನ್ನೂ ಒಳಗೊಂಡಿವೆ, ತುರು ಕಾದು ಬಿದ್ದವರ ಹೆಸರುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆದರೆ ದನ ಕಾದವನ ಕಲ್ಲಿಗೂ ಕೊಬ್ಬರಿ ಹರಿಯುವವನ ಆಟಕ್ಕೂ ನಡುವಿನ ಕೊಂಡಿ ಶಾಸನಗಳಲ್ಲಿ ಸಿಗುವುದಿಲ್ಲ. ದನವೇ ಸಂಪತ್ತಾಗಿದ್ದ ನಾಡು ಇದು ಎಂಬಷ್ಟನ್ನು ಮಾತ್ರ ಆ ಕಲ್ಲುಗಳಿಂದ ಖಚಿತವಾಗಿ ಹೇಳಬಹುದು.

ಹಂಗಾಮಿನ ನಡೆ

ಬಲಿಪಾಡ್ಯಮಿ ಚಾಂದ್ರಮಾನದ ತಿಥಿಯಾದ್ದರಿಂದ ಹಂಗಾಮಿನ ಆರಂಭ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ: 2024ರಲ್ಲಿ ನವೆಂಬರ್ 2, 2025ರಲ್ಲಿ ಅಕ್ಟೋಬರ್ 22. ಮೊದಲ ದಿನಗಳ ಹಬ್ಬಗಳು ಊರಿನ ಮಟ್ಟಿಗೆ ನಡೆಯುವಂಥವು. ಊರ ಹೋರಿಗಳು, ಪಕ್ಕದೂರಿನ ಕೆಲವು ಹೋರಿಗಳು, ಬಹುಮಾನವಿಲ್ಲದ ಅಥವಾ ಅಲ್ಪ ಬಹುಮಾನದ ಓಟ. ಮೆಕ್ಕೆಜೋಳದ ತೆನೆ ಮುರಿದು, ಭತ್ತದ ಕೊಯ್ಲು ಮುಗಿದು ಕೈ ಬಿಡುವಾಗುತ್ತಿದ್ದಂತೆ ದೊಡ್ಡ ಹಬ್ಬಗಳು ಶುರುವಾಗುತ್ತವೆ. ಸಂಕ್ರಾಂತಿಯ ಆಸುಪಾಸು ಹಂಗಾಮಿನ ಉತ್ತುಂಗ. ಆಗ ಒಂದೊಂದು ಅಖಾಡಕ್ಕೆ ನೂರಾರು ಹೋರಿಗಳು ಬರುತ್ತವೆ. ಬಿಸಿಲು ಏರಿದಂತೆ ಹೋರಿಗಳು ಬೇಗ ಬಸವಳಿಯುವುದರಿಂದ ಶಿವರಾತ್ರಿಯ ಹೊತ್ತಿಗೆ ಅಖಾಡಗಳು ವಿರಳವಾಗುತ್ತವೆ.

ವೃತ್ತಿಪರ ಕ್ರೀಡೆಗಳ ಹಂಗಾಮಿಗೂ ಇದಕ್ಕೂ ಇರುವ ಹೋಲಿಕೆ, ವ್ಯತ್ಯಾಸ ಎರಡೂ ಇಲ್ಲೇ ಕಾಣುತ್ತವೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳು ತಲಾ 162 ಪಂದ್ಯ ಆಡುತ್ತವೆ. ಯಾವ ದಿನ ಯಾರೊಡನೆ ಎಂಬುದು ಹಂಗಾಮು ಶುರುವಾಗುವ ಮೊದಲೇ ಅಚ್ಚಾಗಿರುತ್ತದೆ, ಸೋಲು ಗೆಲುವಿನ ಪಟ್ಟಿ ದಿನವೂ ಬದಲಾಗುತ್ತದೆ. ಹೋರಿ ಹಬ್ಬಕ್ಕೆ ಕೇಂದ್ರ ಮಂಡಳಿಯಿಲ್ಲ, ಅಂಕಪಟ್ಟಿಯಿಲ್ಲ, ವರ್ಷದ ಚಾಂಪಿಯನ್ ಎಂಬ ಪದವಿಯೂ ಇಲ್ಲ. ಊರಿನ ಸಮಿತಿ ಸೇರಿ ದಿನ ಗೊತ್ತು ಮಾಡುತ್ತದೆ, ಕರಪತ್ರ ಹಂಚುತ್ತದೆ, ಫ್ಲೆಕ್ಸ್ ಕಟ್ಟುತ್ತದೆ; ಈಗ ವಾಟ್ಸ್ಆ್ಯಪ್‌ನಲ್ಲಿ ಪೋಸ್ಟರ್ ಹರಿದಾಡಿದರೆ ಮುಗಿಯಿತು. ಒಂದೇ ದಿನ ಎರಡು ಊರಲ್ಲಿ ಹಬ್ಬ ಬಿದ್ದರೆ ಎಲ್ಲಿಗೆ ಹೋಗುವುದು ಎಂಬುದು ಹೋರಿ ಮಾಲೀಕನ ಇಷ್ಟ. ಹೋರಿಯ ದಾಖಲೆ ಇರುವುದು ಜನರ ನೆನಪಿನಲ್ಲಿ: ಯಾವ ಊರಲ್ಲಿ ಕೊಬ್ಬರಿ ಉಳಿಸಿಕೊಂಡಿತು, ಯಾವ ಊರಲ್ಲಿ ಯಾರ ಕೈಗೆ ಸಿಕ್ಕಿತು, ಎಷ್ಟು ಹಂಗಾಮು ‘ಹಿಡಿಸಿಕೊಳ್ಳದೆ’ ಓಡಿತು. ಈ ನೆನಪು ಬೆರಗು ಹುಟ್ಟಿಸುವಷ್ಟು ನಿಖರವಾಗಿರುತ್ತದೆ; ಜಗಳಕ್ಕೂ ಅದೇ ಕಾರಣವಾಗುತ್ತದೆ.

ಹೋರಿ

ಹಬ್ಬಕ್ಕೆ ಒದಗುವುದು ಹಗುರ ಮೈಯ, ಚುರುಕಿನ, ಬೆದರುವ ಸ್ವಭಾವದ ದೇಶಿ ದನಗಳು. ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳಿಗೆ ಮೊದಲ ಮಣೆ. ಕಿಲಾರಿ ಮತ್ತು ಊರಿನ ಜವಾರಿ ಹೋರಿಗಳೂ ಓಡುತ್ತವೆ. ಅಮೃತಮಹಲ್ ತಳಿಯ ಇತಿಹಾಸವೇ ಓಟದ್ದು. ಮೈಸೂರು ಒಡೆಯರ ‘ಬೆಣ್ಣೆ ಚಾವಡಿ’ಯಲ್ಲಿ ಬೆಳೆದು, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು, ಫಿರಂಗಿ ಎಳೆಯಲು ಒದಗಿದ ತಳಿಯಿದು, ಅಮೃತಮಹಲ್ ಎಂಬ ಹೆಸರು ಟಿಪ್ಪುವಿನ ಕಾಲದ್ದು. ಇದರ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಹಳ್ಳಿಕಾರ್ ತಳಿಯ ತವರು ತುಮಕೂರು, ಮಂಡ್ಯ, ಹಾಸನದ ಕಡೆ. ಒಳ್ಳೆಯ ಕರುವನ್ನು ಅರಸಿ ಇಲ್ಲಿನವರು ಅಲ್ಲಿಯ ದನದ ಜಾತ್ರೆಗಳಿಗೆ ಹೋಗುತ್ತಾರೆ. ಹೆಸರು ಮಾಡಿದ ಹೋರಿಯ ಬೆಲೆ ಲಕ್ಷಗಳಲ್ಲಿದೆ.

ಹಬ್ಬದ ಹೋರಿಯನ್ನು ಸಾಮಾನ್ಯವಾಗಿ ಹೊಲದ ಕೆಲಸಕ್ಕೆ ಹೂಡುವುದಿಲ್ಲ. ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿ, ಬೂಸಾ, ಮೆಕ್ಕೆಜೋಳದ ನುಚ್ಚು ಅದರ ಮೇವಿನ ಮುಖ್ಯ ಭಾಗ. ಮಳೆಗಾಲ ಕಳೆಯುತ್ತಿದ್ದಂತೆ ತಾಲೀಮು ಶುರು. ಕೆರೆಯಲ್ಲಿ ಈಜಿಸುವುದು ಎಲ್ಲಕ್ಕಿಂತ ಮುಖ್ಯ, ದಮ್ಮು ಹೆಚ್ಚುವುದಕ್ಕೂ ಮೈ ಗಟ್ಟಿಯಾಗುವುದಕ್ಕೂ ಅದೇ ಸಾಧನ. ಉತ್ತ ಹೊಲದಲ್ಲಿ ಓಡಿಸುವುದು ಇನ್ನೊಂದು. ಜನರ ಕೂಗು, ಪಟಾಕಿ, ಮೈಕಿನ ಸದ್ದಿಗೆ ಎಳೆಯ ಹೋರಿಯನ್ನು ಒಗ್ಗಿಸಲು ಅದನ್ನು ಚಿಕ್ಕ ಹಬ್ಬಗಳಿಗೆ ಮೊದಲು ಕರೆದೊಯ್ಯುತ್ತಾರೆ. ತೀರ ಒಗ್ಗಿದ ಹೋರಿ ಓಡುವುದಿಲ್ಲ, ತೀರ ಬೆದರಿದ್ದು ದಾರಿ ಬಿಟ್ಟು ಜನರ ಮೇಲೆ ಹೋಗುತ್ತದೆ. ಎರಡರ ನಡುವಿನ ಹದ ಹಿಡಿಯುವುದೇ ಹೋರಿ ಕಟ್ಟುವವನ ಜಾಣ್ಮೆ.

ಹೆಸರು, ತಂಡ, ಅಭಿಮಾನಿಗಳು

ಪ್ರತಿ ಹೋರಿಗೂ ಅಖಾಡದ ಹೆಸರಿರುತ್ತದೆ. ದೇವರ ಹೆಸರು, ಪುರಾಣದ ವೀರರ ಹೆಸರು, ಸಿನಿಮಾದ ಬಿರುದು, ಕೆಲವೊಮ್ಮೆ ಖಳನಾಯಕನದೂ ಆದೀತು. ಅದರ ಹಿಂದೆ ಊರಿನ ಹೆಸರು ಬಂದೇ ಬರುತ್ತದೆ. ಮಾಲೀಕ ಒಬ್ಬನೇ ಆಗಿದ್ದರೂ ಅಖಾಡದಲ್ಲಿ ಓಡುವುದು ಊರಿನ ಹೋರಿ. ಓಣಿಯ ಹುಡುಗರೆಲ್ಲ ಸೇರಿ ಹಣ ಹಾಕಿ ಸಾಕಿದ ಹೋರಿಗಳೂ ಇವೆ. ಮೇವು, ತಾಲೀಮು ನೋಡಿಕೊಳ್ಳುವವರು, ಸಿಂಗಾರ ಕಟ್ಟುವವರು, ಬಿಡುವ ಹಗ್ಗ ಹಿಡಿಯುವವರು, ಓಟದ ಕೊನೆಯಲ್ಲಿ ಹಿಡಿದು ಸಮಾಧಾನ ಮಾಡುವವರು ಎಂದು ತಂಡದಲ್ಲಿ ಕೆಲಸ ಹಂಚಿಕೊಂಡಿರುತ್ತಾರೆ. ಹೋರಿಯ ಚಿತ್ರವಿರುವ ಒಂದೇ ಬಣ್ಣದ ಟೀ ಶರ್ಟು, ಬಾವುಟ, ‘ಅಭಿಮಾನಿ ಬಳಗ’ದ ಫ್ಲೆಕ್ಸು ಈಗ ಸಾಮಾನ್ಯ ನೋಟ. ಹೆಸರಾದ ಹೋರಿ ಸತ್ತರೆ ಊರಿನವರು ಮೆರವಣಿಗೆ ಮಾಡಿ, ಹೂ ಹೊದಿಸಿ ಮಣ್ಣು ಮಾಡುತ್ತಾರೆ. ಶ್ರದ್ಧಾಂಜಲಿ ಫ್ಲೆಕ್ಸು ಬಸ್‌ಸ್ಟ್ಯಾಂಡಿನಲ್ಲಿ ಬಹಳ ದಿನ ಇರುತ್ತದೆ.

ಅಖಾಡ ಮತ್ತು ಓಟ

ಅಖಾಡ ಊರ ಮುಖ್ಯ ಬೀದಿಯೇ ಆಗಿರಬಹುದು, ಕೊಯ್ಲಾದ ಗದ್ದೆಯ ಬಯಲಿನಲ್ಲಿ ಕಟ್ಟಿದ ಹಾದಿಯಾಗಿರಬಹುದು. ಇಕ್ಕೆಲಗಳಲ್ಲಿ ಬಿದಿರು, ಅಡಿಕೆ ದಬ್ಬೆ, ಮರದ ಗಳುಗಳ ಬೇಲಿ ಕಟ್ಟುತ್ತಾರೆ. ಕೆಲವೆಡೆ ಟ್ರ್ಯಾಕ್ಟರ್ ಟ್ರೇಲರ್‌ಗಳನ್ನೇ ಸಾಲಾಗಿ ನಿಲ್ಲಿಸಿರುತ್ತಾರೆ. ಮನೆ ಮಾಳಿಗೆ, ಮರದ ಕೊಂಬೆಗಳೂ ನೋಡುಗರ ಜಾಗವೇ.

ಸಿಂಗಾರಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಮೈಮೇಲೆ ಕಸೂತಿಯ ಅಥವಾ ಮಿಂಚುವ ಬಟ್ಟೆಯ ಜೂಲ, ಕೋಡಿಗೆ ಬಣ್ಣ, ಗೊಂಡೆ, ರಿಬ್ಬನ್ನು, ಬಲೂನು, ಕಾಲಿಗೆ ಗೆಜ್ಜೆ. ಕೊರಳಿಗೆ ಕೊಬ್ಬರಿ ಬಟ್ಟಲುಗಳನ್ನು ಗಟ್ಟಿ ಹುರಿಯಲ್ಲಿ ಪೋಣಿಸಿದ ಸರ. ಈ ಸರ ಕಟ್ಟುವುದರಲ್ಲೇ ಅರ್ಧ ಆಟವಿದೆ. ಸಡಿಲಾದರೆ ಮೊದಲ ಕೈಗೇ ಕಿತ್ತು ಬರುತ್ತದೆ, ಬಿಗಿಯಾದರೆ ಹೋರಿಗೆ ಉಸಿರು ಕಟ್ಟುತ್ತದೆ.

ಸರದಿ ಬಂದಾಗ ತಂಡದವರು ಹಗ್ಗ ಹಿಡಿದು ಹೋರಿಯನ್ನು ಅಖಾಡದ ಬಾಯಿಗೆ ತರುತ್ತಾರೆ. ಮೈಕಿನವನು ಹೋರಿಯ ಹೆಸರು, ಊರು, ಹಿಂದಿನ ಗೆಲುವುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹಲಗೆಯ ಪೆಟ್ಟು ಬಿರುಸಾಗುತ್ತದೆ, ಪಟಾಕಿ ಸಿಡಿಯುತ್ತದೆ, ಹಗ್ಗ ಕಳಚುತ್ತದೆ. ಹಿಡಿಯುವವರು ಎದುರಿಗೆ ನಿಂತಿರುತ್ತಾರೆ, ಆದರೆ ಎದುರಿನಿಂದ ಹಿಡಿಯುವುದಿಲ್ಲ. ಹೋರಿ ತಲೆ ತಗ್ಗಿಸಿ ನುಗ್ಗುವಾಗ ಪಕ್ಕಕ್ಕೆ ಸರಿದು, ಕೋಡು ದಾಟಿದ ಕ್ಷಣದಲ್ಲಿ ಡುಬ್ಬವನ್ನು ತಬ್ಬಿ, ಮೈಗೆ ಮೈ ಅಂಟಿಸಿ ಓಡುತ್ತ ಇನ್ನೊಂದು ಕೈಯನ್ನು ಸರಕ್ಕೆ ಹಾಕುತ್ತಾರೆ. ನುರಿತ ಹೋರಿ ಆ ಹೊತ್ತಿಗೆ ಕೊರಳು ಕೊಡವಿ ಬೇಲಿಯ ಕಡೆಗೆ ವಾಲುತ್ತದೆ. ಹಿಡಿದವನು ಬೇಲಿಗೂ ಹೋರಿಗೂ ನಡುವೆ ಸಿಕ್ಕುವ ಭಯದಿಂದ ಕೈ ಬಿಡುತ್ತಾನೆ. ಕೊಬ್ಬರಿ ಉಳಿಸಿಕೊಂಡು ಅಖಾಡದ ತುದಿ ದಾಟಿದರೆ ಗೆಲುವು ಹೋರಿಯದು, ಸರ ಹರಿದರೆ ಹರಿದವನದು. ಇಡೀ ಆಟ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ದಿನದ ಉಳಿದ ಹೊತ್ತು ಅದರ ಚರ್ಚೆಗೆ.

ವಿಧಗಳು

ಮುಖ್ಯವಾಗಿ ಎರಡು ಬಗೆ. ಕೊರಳಲ್ಲಿ ಕೊಬ್ಬರಿ ಸರ ಕಟ್ಟಿಕೊಂಡು, ಹಿಡಿಯುವವರನ್ನು ತಪ್ಪಿಸಿ ಓಡುವುದು ಕೊಬ್ಬರಿ ಹೋರಿ. ರಿಬ್ಬನ್ನು, ಬಲೂನುಗಳ ಎತ್ತರದ ಪೀಪಿ ಹೊತ್ತು ಓಡುವುದು ಪೀಪಿ ಹೋರಿ; ಇದರಲ್ಲಿ ವೇಗದಷ್ಟೇ ನೋಟಕ್ಕೂ ಬೆಲೆ. ಬಹುಮಾನವಿರುವ ಸ್ಪರ್ಧೆ ಮತ್ತು ಬಹುಮಾನವಿಲ್ಲದ ಊರಹಬ್ಬ ಎಂಬ ವಿಂಗಡಣೆಯೂ ಬಳಕೆಯಲ್ಲಿದೆ.

ಬಹುಮಾನ ಮತ್ತು ಹಣ

ದೊಡ್ಡ ಹಬ್ಬಗಳಲ್ಲಿ ಬೈಕು, ಬಂಗಾರದ ಉಂಗುರ, ಫ್ರಿಜ್ಜು, ಟಿವಿ, ತಿಜೋರಿ, ನಗದು ಇವು ವಾಡಿಕೆಯ ಬಹುಮಾನಗಳು. ಚೆನ್ನಾಗಿ ಓಡಿದ ಹೋರಿಗೂ ಹೆಚ್ಚು ಕೊಬ್ಬರಿ ಹರಿದವರಿಗೂ ಬೇರೆ ಬೇರೆ ಬಹುಮಾನ ಇರುತ್ತದೆ. ಖರ್ಚು ಹುಟ್ಟುವುದು ಪ್ರವೇಶ ಶುಲ್ಕ, ಊರ ಪಟ್ಟಿ, ಅಂಗಡಿಕಾರರು ಮತ್ತು ರಾಜಕಾರಣಿಗಳ ದೇಣಿಗೆಯಿಂದ. ಲೆಕ್ಕ ಹಾಕಿದರೆ ಹೋರಿ ಸಾಕುವವನಿಗೆ ಬಹುಮಾನದಿಂದ ಲಾಭವಿಲ್ಲ. ವರ್ಷದ ಮೇವಿನ ಖರ್ಚು, ಪ್ರತಿ ಹಬ್ಬಕ್ಕೂ ಗಾಡಿ ಬಾಡಿಗೆ, ತಂಡದ ಊಟ ಸೇರಿದರೆ ಗೆದ್ದ ತಿಜೋರಿ ಅದಕ್ಕೆ ಸಮವಾಗದು. ಹಣ ಬರುವುದು ಹೆಸರಾದ ಹೋರಿಯನ್ನು ಮಾರಿದಾಗ. ಕೊಳ್ಳುವವನು ತೆರುವ ಬೆಲೆಯೇ ಹೋರಿಯ ಹಿಂದಿನ ಹಂಗಾಮುಗಳ ದಾಖಲೆಗೆ ಸಿಗುವ ಏಕೈಕ ಲಿಖಿತವಲ್ಲದ ರಸೀತಿ.

ನೆರೆಯ ಆಚರಣೆಗಳು

ಉತ್ತರ ಕರ್ನಾಟಕದ ಕಾರ ಹುಣ್ಣಿಮೆಯ ಕರಿ ಹರಿಯುವುದು, ಹಳೇ ಮೈಸೂರಿನ ಸಂಕ್ರಾಂತಿಯ ಕಿಚ್ಚು ಹಾಯಿಸುವುದು ಇದೇ ಕುಲದವು. ಅವು ಒಂದು ದಿನದ ಆಚರಣೆಗಳಾಗಿಯೇ ಉಳಿದಿವೆ. ತಮಿಳುನಾಡಿನ ಜಲ್ಲಿಕಟ್ಟು ಹತ್ತಿರದ ಹೋಲಿಕೆ. ಅಲ್ಲಿ ಡುಬ್ಬ ಹಿಡಿದು ನಿಗದಿತ ದೂರ ಜೋತುಬೀಳುವುದು ಗೆಲುವಾದರೆ ಇಲ್ಲಿ ಸರ ಹರಿಯುವುದು ಗೆಲುವು. ಕರಾವಳಿಯ ಕಂಬಳದಲ್ಲಿ ಓಡುವುದು ಕೋಣ, ಜೊತೆಗೆ ಓಡಿಸುವವನಿರುತ್ತಾನೆ. ವೇಗವನ್ನು ಸೆಕೆಂಡಿನಲ್ಲಿ ಅಳೆದು ದಾಖಲಿಸುವ ವ್ಯವಸ್ಥೆಯೂ ಅಲ್ಲಿ ಬೆಳೆದಿದೆ. ಹೋರಿ ಹಬ್ಬ ಆ ದಾರಿ ಹಿಡಿದಿಲ್ಲ.

ಕಾನೂನು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದು. ಅದರಡಿ ಕೇಂದ್ರ ಸರ್ಕಾರ 2011ರ ಜುಲೈನಲ್ಲಿ ಹೊರಡಿಸಿದ ಅಧಿಸೂಚನೆ, ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಎ. ನಾಗರಾಜ ಪ್ರಕರಣದಲ್ಲಿ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. ತೀರ್ಪಿನಲ್ಲಿ ಹೋರಿ ಹಬ್ಬದ ಹೆಸರು ಮುಖ್ಯವಾಗಿರಲಿಲ್ಲ, ಆದರೂ ಅದರ ನೆರಳು ಇಲ್ಲಿಗೂ ಚಾಚಿತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾದಲ್ಲಿ ನಡೆದ ಜಲ್ಲಿಕಟ್ಟು ಪರ ಚಳವಳಿಯ ಬೆನ್ನಿಗೆ ಕರ್ನಾಟಕ ವಿಧಾನಮಂಡಲ ಫೆಬ್ರುವರಿಯಲ್ಲಿ ತಿದ್ದುಪಡಿ ಮಸೂದೆ ಅಂಗೀಕರಿಸಿತು. ಜುಲೈನಲ್ಲಿ ಸುಗ್ರೀವಾಜ್ಞೆ ಬಂತು. ಕಂಬಳದ ಜೊತೆಗೆ ಹೋರಿಗಳ ಓಟ ಮತ್ತು ಎತ್ತಿನಗಾಡಿ ಓಟಗಳಿಗೆ ಷರತ್ತಿನ ವಿನಾಯಿತಿ ಅದರಲ್ಲಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಹೀಗಾಗಿ ಹಬ್ಬ ಈಗ ಸಾರಾಸಗಟು ನಿಷಿದ್ಧವಲ್ಲ, ಅನುಮತಿಗೆ ಒಳಪಟ್ಟಿದೆ. ಬೇಲಿ, ಆಂಬುಲೆನ್ಸ್, ಪಶುವೈದ್ಯರು, ಪೊಲೀಸ್ ಬಂದೋಬಸ್ತು ಇವು ಅನುಮತಿಯ ವಾಡಿಕೆಯ ಷರತ್ತುಗಳು. ಅನುಮತಿ ಕೇಳದೆ ನಡೆಯುವ ಊರಹಬ್ಬಗಳೇ ಆಡಳಿತಕ್ಕೆ ತಲೆನೋವು.

ಅಪಾಯಗಳು

ಹಂಗಾಮಿನಲ್ಲಿ ಗಾಯ ಸಾಮಾನ್ಯ, ಸಾವು ಅಪರೂಪವಲ್ಲ. 2023ರ ಜನವರಿಯಲ್ಲಿ ಸಂಕ್ರಾಂತಿಯ ಆಸುಪಾಸು ಶಿವಮೊಗ್ಗ ಜಿಲ್ಲೆಯಲ್ಲಿ ಹಬ್ಬದ ವೇಳೆ ಸಾವುಗಳಾದ ಮೇಲೆ ಪೊಲೀಸರು ಅನುಮತಿಯ ವಿಷಯದಲ್ಲಿ ಬಿಗಿಯಾದರು. 2025ರ ದೀಪಾವಳಿಯಲ್ಲಿ ಪಕ್ಕದ ಹಾವೇರಿ ಜಿಲ್ಲೆಯಲ್ಲಿ ಜನ ಸತ್ತರು. ಹೋರಿಗೆ ಎದುರಾಗುವ ಹಿಡಿಯುವವರಷ್ಟೇ ನೋಡಲು ಬಂದವರೂ ಸಾಯುತ್ತಾರೆ. ಅಖಾಡದ ತುದಿ ದಾಟಿದ ಹೋರಿ ಬೀದಿಗೆ ಬಿದ್ದಾಗ ಬೆನ್ನು ತಿರುಗಿಸಿ ನಿಂತವರು, ದಾರಿಹೋಕರು, ಮುದುಕರು ಅದಕ್ಕೆ ಸಿಗುತ್ತಾರೆ. ನುರಿತ ಹಿಡಿಯುವವನಿಗೆ ಹೋರಿಯ ಚಲನೆ ಗೊತ್ತು, ಇವರಿಗೆ ಗೊತ್ತಿರುವುದಿಲ್ಲ. ಅಖಾಡದ ಕೊನೆಯನ್ನು ಮುಚ್ಚಿದ ದೊಡ್ಡಿಗೆ ಸೇರಿಸುವ ವ್ಯವಸ್ಥೆ ಮಾಡದೆ ಬರೀ ಇಕ್ಕೆಲದ ಬೇಲಿ ಬಲಪಡಿಸಿದರೆ ಈ ಸಾವುಗಳು ತಪ್ಪಲಾರವು.

ಹೋರಿಗೂ ಅಪಾಯವಿದೆ. ಡಾಂಬರು, ಕಾಂಕ್ರೀಟು ರಸ್ತೆಯಲ್ಲಿ ಗೊರಸು ಜಾರಿ ಕಾಲು ಮುರಿಯುತ್ತದೆ. ಕೋಡು ಬೇಲಿಗೆ ಸಿಕ್ಕಿ ಮುರಿಯುತ್ತದೆ. ಪ್ರಾಣಿದಯಾ ಸಂಘಟನೆಗಳ ಆಕ್ಷೇಪ ಗಾಯಕ್ಕಷ್ಟೇ ಸೀಮಿತವಲ್ಲ. ಬೆದರಿಕೆಯಿಂದಲೇ ಓಡುವ ಪ್ರಾಣಿಯ ಭಯವೂ ಹಿಂಸೆಯೇ ಎಂಬುದು ಅವರ ವಾದ, 2014ರ ತೀರ್ಪಿನ ತಿರುಳೂ ಅದೇ ಆಗಿತ್ತು.

ಈಗಿನ ಸ್ಥಿತಿ

ಕೋವಿಡ್ ನಿರ್ಬಂಧಗಳು 2020ರ ನಂತರದ ಹಂಗಾಮುಗಳನ್ನು ಕುಗ್ಗಿಸಿದವು. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಹಬ್ಬಿದಾಗ ದನದ ಜಾತ್ರೆ, ಓಟಗಳಿಗೆ ತಡೆ ಬಿತ್ತು. ಹಾವೇರಿ ಕಡೆ ಹೋರಿ ಹಬ್ಬಕ್ಕೂ ಅದು ತಟ್ಟಿತು. ಆಮೇಲೆ ಹಬ್ಬ ಮೊದಲಿನ ಬಿರುಸಿಗೆ ಮರಳಿದೆ. ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ಓಟದ ವಿಡಿಯೊ ಅಂದೇ ಸಿಗುವುದರಿಂದ ದೂರದೂರಿನವರೂ ಹೋರಿಯನ್ನು ಹೆಸರಿಂದ ಗುರುತಿಸುತ್ತಾರೆ; ಬೆಂಗಳೂರಿನಲ್ಲಿ ದುಡಿಯುವ ಊರ ಹುಡುಗರು ಅಭಿಮಾನಿ ಬಳಗಗಳ ಬೆನ್ನೆಲುಬಾಗಿದ್ದಾರೆ. ಯಾರ ಕೈ ಸರಕ್ಕೆ ತಾಗಿತು ಎಂಬ ಜಗಳ ಈಗ ಮೊಬೈಲ್ ತೆರೆದರೆ ತೀರುತ್ತದೆ, ಕೆಲವೊಮ್ಮೆ ಅಲ್ಲಿಂದಲೇ ಶುರುವಾಗುತ್ತದೆ.

ಈ ಹಬ್ಬ ದೇಶಿ ತಳಿಯನ್ನು ಉಳಿಸುತ್ತದೆ ಎಂಬುದು ಬೆಂಬಲಿಗರ ಮುಖ್ಯ ವಾದ. 2019ರ 20ನೆಯ ಜಾನುವಾರು ಗಣತಿಯಂತೆ ದೇಶದಲ್ಲಿ ದೇಶಿ ದನಗಳ ಸಂಖ್ಯೆ 2012ಕ್ಕಿಂತ ಶೇ 6ರಷ್ಟು ಇಳಿದಿದೆ. ಉಳುಮೆ ಟ್ರ್ಯಾಕ್ಟರಿಗೆ ಹೋದ ಮೇಲೆ ಗಂಡುಗರುವಿಗೆ ಹಳ್ಳಿಯಲ್ಲಿ ಬೆಲೆಯಿಲ್ಲ. ಹೋರಿ ಹಬ್ಬದ ಸೀಮೆಯಲ್ಲಿ ಹಳ್ಳಿಕಾರ್ ಗಂಡುಗರುವಿಗೆ ಬೆಲೆಯಿದೆ ಎಂಬ ಮಟ್ಟಿಗೆ ವಾದ ನಿಲ್ಲುತ್ತದೆ. ಆದರೆ ಇಲ್ಲಿನವರು ಕೊಳ್ಳುವುದು ಬೇರೆಡೆ ಹುಟ್ಟಿದ ಕರುವನ್ನು. ತಳಿ ಉಳಿಯುವುದು ಹಸು ಸಾಕುವವನ ಹಟ್ಟಿಯಲ್ಲಿ, ಅಲ್ಲಿಗೆ ಹಬ್ಬದ ಹಣ ತಲುಪುವುದು ಕರು ಮಾರಾಟವಾದಾಗ ಮಾತ್ರ.